ಹಳೇ ಟ್ರಾವೆಲರ್ ಮೋಟರ್‌ಹೋಮ್: ಸೆಲ್ಫ್ ಎತ್ತುತ್ತಿಲ್ಲ, ಹೊಸದು ಹಾಕಿಸಲೇಬೇಕಾ?

ಮೂಡಿಗೆರೆ_ಮಳೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ತೊಂಬತ್ತರ ದಶಕದ ಟೆಂಪೋ ಟ್ರಾವೆಲರ್ ಒಂದಿದೆ. ಕೆಎ 18 ಬೋರ್ಡು. ಸೀಟೆಲ್ಲ ತೆಗೆಸಿ ಒಳಗೆ ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕ್, ಸಣ್ಣ ಫ್ರಿಜ್ ಹಾಕಿಸಿದ್ದು ಅಪ್ಪ. ಈಗ ಮೋಟರ್‌ಹೋಮ್ ಅಂತಾರಲ್ಲ, ಅದೇ. ಕಾಫಿ ಕುಯ್ಲು ಮುಗಿದ ಮೇಲೆ ಅದರಲ್ಲಿ ಎಲ್ಲಾದರೂ ಹೊರಡುವುದು ನಮ್ಮ ಮನೆಯ ರೂಢಿ.

ಸಮಸ್ಯೆ ಸೆಲ್ಫ್‌ದು, ಅಂದರೆ ಇಂಜಿನ್ ಸ್ಟಾರ್ಟ್ ಮಾಡುವ ಮೋಟಾರ್‌ದು. ಕೀ ತಿರುಗಿಸಿದರೆ 'ಟಕ್' ಅಂತ ಒಂದೇ ಸದ್ದು. ಬಿಟ್ಟು ಬಿಟ್ಟು ತಿರುಗಿಸಿದರೆ ಯಾವಾಗಲೋ ಹಿಡಿದುಕೊಳ್ಳುತ್ತದೆ. ಹಿಡಿದರೂ ಇಂಜಿನ್ ಸುತ್ತುವುದು ಬಹಳ ನಿಧಾನ. ಬೆಳಿಗ್ಗೆ ಹೇಗೋ ಆಗುತ್ತದೆ. ಇಂಜಿನ್ ಕಾದಿದ್ದಾಗ ನಿಲ್ಲಿಸಿದರೆ ಮುಗೀತು. ಮೊನ್ನೆ ಚಾರ್ಮಾಡಿ ಹತ್ತಿ ಬಂದು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಲು ನಿಲ್ಲಿಸಿದೆವು. ಆಮೇಲೆ ಹೋಟೆಲಿನಲ್ಲಿದ್ದವರೆಲ್ಲ ಬಂದು ತಳ್ಳಿಕೊಟ್ಟರು.

ಬ್ಯಾಟರಿ ಹೊಸದು. ಮೆಕ್ಯಾನಿಕ್ ನೋಡಿ 'ಸೆಲ್ಫ್ ಹೋಗಿದೆ, ಹೊಸದು ಹಾಕಿಬಿಡಿ' ಅಂದರು. ಹಾಕಿಸಲು ತೊಂದರೆ ಇಲ್ಲ. ಆದರೆ ಇದೇ ಗಾಡಿಗೆ ಅಪ್ಪ ಹಿಂದೆಯೂ ಸೆಲ್ಫ್ ಬದಲಾಯಿಸಿದ್ದರು. ವರ್ಷಕ್ಕೆ ಅಷ್ಟೇನೂ ಓಡದ ಗಾಡಿಗೆ ಇಷ್ಟು ಬೇಗ ಯಾಕೆ ಹೋಗಬೇಕು? ಹಳೆಯದನ್ನೇ ರಿಪೇರಿ ಮಾಡಿಸಬಹುದಾ?

ಬೇಲೂರು_ಬೈಕರ್

ಅಕ್ಕ, ಮೊದಲು ಸುತ್ತಿಗೆ ತಗೊಂಡು ಸೆಲ್ಫ್ ಬಾಡಿ ಮೇಲೆ ಮೆಲ್ಲಗೆ ಎರಡು ಏಟು ಕೊಡಿ. ನಮ್ಮ ಮಾವನ ಟ್ರ್ಯಾಕ್ಟರ್ ಹಾಗೇ ಓಡುತ್ತಿದೆ 😄 ಅದಕ್ಕೂ ಬಗ್ಗದಿದ್ದರೆ ಸೊಲೆನಾಯ್ಡ್ (ಸೆಲ್ಫ್‌ಗೆ ಕರೆಂಟ್ ಬಿಡುವ ಸ್ವಿಚ್) ಮೇಲಿನ ಎರಡು ದೊಡ್ಡ ಬೋಲ್ಟ್‌ಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಶಾರ್ಟ್ ಮಾಡಿ. ಸುತ್ತಿದರೆ ಸೆಲ್ಫ್ ಸರಿ ಇದೆ ಅಂತ ಅರ್ಥ.

ಹಾಸನ_ಎಲೆಕ್ಟ್ರಿಕಲ್

ಬೇಲೂರಿನ ತಮ್ಮ, ಸ್ಕ್ರೂಡ್ರೈವರ್ ಕೆಲಸ ದಯವಿಟ್ಟು ಯಾರಿಗೂ ಹೇಳಿಕೊಡಬೇಡಿ. ಬ್ಯಾಟರಿಯಿಂದ ಸೆಲ್ಫ್‌ಗೆ ಬರುವ ದಪ್ಪ ಕೇಬಲ್‌ಗೆ ಫ್ಯೂಸ್ ಇರುವುದಿಲ್ಲ. ಕೈ ಜಾರಿ ಬಾಡಿಗೆ ತಾಗಿದರೆ ಸ್ಕ್ರೂಡ್ರೈವರ್ ಅಲ್ಲೇ ಅಂಟಿಕೊಳ್ಳುತ್ತದೆ, ಕೈ ಸುಡುತ್ತದೆ. ಅದೂ ಅಲ್ಲದೆ ಆ ಎರಡು ದೊಡ್ಡ ಬೋಲ್ಟ್ ಸೇರಿಸಿದರೆ ಮೋಟಾರ್ ಸುಮ್ನೆ ಖಾಲಿ ಸುತ್ತುತ್ತದೆ. ಸೆಲ್ಫ್‌ನ ಹಲ್ಲು ಮುಂದೆ ಬಂದು ಫ್ಲೈವೀಲ್, ಅಂದರೆ ಇಂಜಿನ್ ಹಿಂದಿನ ದೊಡ್ಡ ಚಕ್ರ, ಹಿಡಿಯುವುದಿಲ್ಲ. ಖಾಲಿ ಸುತ್ತಿದ್ದು ನೋಡಿ ಸೆಲ್ಫ್ ಸರಿ ಇದೆ ಅನ್ನಲು ಆಗಲ್ಲ. ದೊಡ್ಡ ಬೋಲ್ಟ್‌ನಿಂದ ಸಣ್ಣ ಟರ್ಮಿನಲ್‌ಗೆ ಕೊಟ್ಟರೆ ಹಲ್ಲು ಹಿಡಿಯುತ್ತದೆ, ನಿಜ. ಆದರೆ ಗಾಡಿ ಗೇರಿನಲ್ಲಿದ್ದರೆ ಕೆಳಗೆ ಮಲಗಿದವರ ಮೇಲೆಯೇ ಹತ್ತುತ್ತದೆ.

ಸುತ್ತಿಗೆ ಏಟು ಕೆಲಸ ಮಾಡಿದರೆ ಅದು ರೋಗ ಏನು ಅಂತ ಹೇಳುತ್ತದೆ, ಅಷ್ಟೇ. ಸುತ್ತುವ ಭಾಗಕ್ಕೆ ಕರೆಂಟ್ ಕೊಡುವ ಕಾರ್ಬನ್ ಬ್ರಷ್ ಸವೆದು ಸಣ್ಣದಾದಾಗ ಸ್ಪ್ರಿಂಗ್ ಅದನ್ನು ಸರಿಯಾಗಿ ಒತ್ತುವುದಿಲ್ಲ. ತಟ್ಟಿದಾಗ ಒಂದು ಸಲ ಕೂರುತ್ತದೆ. ಹಳೇ ಸೆಲ್ಫ್‌ಗಳಲ್ಲಿ ಆಯಸ್ಕಾಂತದ ಬದಲು ತಂತಿ ಸುತ್ತಿದ ಫೀಲ್ಡ್ ಕಾಯಿಲ್ ಇರುವುದರಿಂದ ತಡೆದುಕೊಳ್ಳುತ್ತವೆ. ಈಗಿನ ಬಹಳಷ್ಟು ಸೆಲ್ಫ್‌ಗಳಲ್ಲಿ ಒಳಗೆ ಆಯಸ್ಕಾಂತ. ಹೊಡೆದರೆ ಅದು ಒಡೆದು ಚೂರಾಗಿ ಇರುವುದೂ ಹೋಗುತ್ತದೆ.

ಮೂಡಿಗೆರೆ ಮೇಡಂ, ನಿಮ್ಮ ಗಾಡಿಯ ಸದ್ದಿನ ಬಗ್ಗೆ. 'ಟಕ ಟಕ ಟಕ' ಅಂತ ಒಂದೇ ಸಮನೆ ಬಡಿದುಕೊಂಡರೆ ಸಾಮಾನ್ಯವಾಗಿ ಬ್ಯಾಟರಿ ಡೌನ್, ಇಲ್ಲವೇ ಟರ್ಮಿನಲ್ ಸಡಿಲ. ಗಟ್ಟಿಯಾಗಿ ಒಂದೇ 'ಟಕ್' ಬಂದು ಸುಮ್ಮನಾದರೆ ಸೊಲೆನಾಯ್ಡ್ ಎಳೆದಿದೆ, ಆದರೆ ಮೋಟಾರ್‌ಗೆ ಸಾಕಷ್ಟು ಕರೆಂಟ್ ಹೋಗಿಲ್ಲ. ಒಳಗಿನ ಕಾಂಟ್ಯಾಕ್ಟ್ ಸುಟ್ಟಿರಬಹುದು, ಬ್ರಷ್ ಮುಗಿದಿರಬಹುದು, ಕೇಬಲ್ಲಿನಲ್ಲೇ ವೋಲ್ಟೇಜ್ ಸೋರುತ್ತಿರಬಹುದು. ಸೆಲ್ಫ್ 'ಜ್ಯೂಂ' ಅಂತ ಸುತ್ತಿ ಇಂಜಿನ್ ಅಲ್ಲಾಡದಿದ್ದರೆ ಬೆಂಡಿಕ್ಸ್, ಅಂದರೆ ಫ್ಲೈವೀಲ್ ಕಚ್ಚುವ ಹಲ್ಲಿನ ಜೋಡಣೆ ಹೋಗಿದೆ. ನಿಮ್ಮದು ಎರಡನೆಯ ಜಾತಿ. ಹೊಸ ಸೆಲ್ಫ್‌ಗೆ ದುಡ್ಡು ಕೊಡುವ ಮೊದಲು ಒಂದು ಪ್ರಶ್ನೆ. ಬ್ಯಾಟರಿ ಎಲ್ಲಿದೆ? ಕಂಪನಿಯಿಂದ ಬಂದಾಗ ಇದ್ದ ಜಾಗದಲ್ಲೇ ಇದೆಯಾ?

ಮೂಡಿಗೆರೆ_ಮಳೆ

ಇಲ್ಲ ಸರ್. ಎರಡೂ ಬ್ಯಾಟರಿ ಹಿಂದೆ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿವೆ. ಒಂದು ಇಂಜಿನ್‌ಗೆ, ಇನ್ನೊಂದು ಫ್ರಿಜ್ ಮತ್ತು ಲೈಟಿಗೆ. ಒಳಗೆ ಬಾಡಿ ಕಟ್ಟಿಸುವಾಗ ಎಲ್ಲ ಒಂದೇ ಕಡೆ ಇರಲಿ ಅಂತ ಹಾಗೆ ಮಾಡಿಸಿದ್ದು. ಮೊದಲಿದ್ದ ಜಾಗದಲ್ಲಿ ಈಗ ಏರ್ ಹಾರ್ನ್‌ನ ಟ್ಯಾಂಕ್ ಕೂತಿದೆ. ಅಪ್ಪನಿಗೆ ಹಾರ್ನ್ ಹುಚ್ಚು.

ಹಾಸನ_ಎಲೆಕ್ಟ್ರಿಕಲ್

ಅಂದುಕೊಂಡೆ. ನಮ್ಮ ಅಂಗಡಿಗೆ ಬರುವ ಇಂಥ ಗಾಡಿಗಳಲ್ಲಿ ಈ ಕತೆ ಜಾಸ್ತಿ. ಮಲ್ಟಿಮೀಟರ್ ಇದ್ದರೆ ನೀವೇ ನೋಡಬಹುದು. ಒಬ್ಬರು ಕೀ ತಿರುಗಿಸಬೇಕು, ಇನ್ನೊಬ್ಬರು ಮೀಟರ್ ಹಿಡಿಯಬೇಕು. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಇಂಜಿನ್ ಸ್ಟಾರ್ಟ್ ಆಗಿಬಿಡದಂತೆ ಡೀಸೆಲ್ ನಿಲ್ಲಿಸುವ ವ್ಯವಸ್ಥೆ ಮಾಡಿಕೊಳ್ಳಿ. ಒಂದು ಸಲಕ್ಕೆ ಐದಾರು ಸೆಕೆಂಡ್‌ಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ. ನಡುವೆ ಒಂದೆರಡು ನಿಮಿಷ ಬಿಡಿ.

ಏನೂ ಮಾಡದೆ ಬ್ಯಾಟರಿ ಮೇಲೆ ಎಷ್ಟು ವೋಲ್ಟ್ ಇದೆ ಬರೆದುಕೊಳ್ಳಿ. ಸೆಲ್ಫ್ ಹೊಡೆಯುವಾಗ ಅದೇ ಜಾಗದಲ್ಲಿ ಎಷ್ಟು. ಆಮೇಲೆ ಮೀಟರಿನ ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಕಪ್ಪು ಕಡ್ಡಿ ಸೆಲ್ಫ್‌ನ ದಪ್ಪ ಕೇಬಲ್ ಕೂರುವ ಬೋಲ್ಟ್ ಮೇಲೆ. ಸೆಲ್ಫ್ ಹೊಡೆಯುವಾಗ ಅಲ್ಲಿ ಬರುವ ಅಂಕಿ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಅದೇ ರೀತಿ ಸೆಲ್ಫ್‌ನ ಬಾಡಿಗೂ ಬ್ಯಾಟರಿಯ ಮೈನಸ್‌ಗೂ ನಡುವೆ. ಪ್ಲಸ್ ಕಡೆ 0.5 ವೋಲ್ಟ್ ಒಳಗೆ, ಅರ್ಥ್ (ಮೈನಸ್) ಕಡೆ 0.3 ಒಳಗೆ ಇರಬೇಕು. ಮೀಟರಿನ ವಯರ್ ಅಷ್ಟು ದೂರ ಮುಟ್ಟುವುದಿಲ್ಲ, ಒಂದು ಮನೆ ವಯರ್ ತುಂಡನ್ನು ಅದಕ್ಕೆ ಸೇರಿಸಿಕೊಳ್ಳಿ.

ಜೀಪಣ್ಣ

ಮೀಟರ್ ಗೀಟರ್ ಎಲ್ಲ ಯಾಕೆ. ಆಲ್ದೂರಲ್ಲಿ ನಾವು ಇಷ್ಟು ವರ್ಷ ಜೀಪ್ ಓಡಿಸಿದ್ದು ಕಿವಿ ನಂಬಿಕೊಂಡು. ಕಾದ ಮೇಲೆ ಹಿಡಿಯದಿದ್ದರೆ ಶಾಫ್ಟ್ ಕೂರುವ ಬುಷ್ ಸವೆದಿದೆ, ಸುತ್ತುವ ಭಾಗ ಆರ್ಮೇಚರ್ ಒಳಗೆ ಉಜ್ಜುತ್ತಿದೆ. ಬಿಚ್ಚಿಸಿ ಬುಷ್, ಬ್ರಷ್ ಹಾಕಿಸಿ. ಮುಗೀತು.

ಹಿಂದೆ ಈ ತಲೆನೋವೇ ಇರಲಿಲ್ಲ. ವಿಲ್ಲೀಸ್ ಜೀಪಿಗೆ ಮುಂದೆ ಹ್ಯಾಂಡಲ್ ಹಾಕಿ ಸುತ್ತುತ್ತಿದ್ದೆವು. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಒಂದೇ ಬದಿಗೆ ಇಡಬೇಕು, ಹ್ಯಾಂಡಲ್ ಸುತ್ತಿ ಹಿಡಿಯಬಾರದು. ಇಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ. ನಮ್ಮೂರಲ್ಲಿ ಅಂಥ ಹೆಬ್ಬೆರಳಿನವರು ಇನ್ನೂ ಇದ್ದಾರೆ.

ಅರಸೀಕೆರೆ_ಮೇಷ್ಟ್ರು

ಜೀಪಣ್ಣ, ಅದು ಪೆಟ್ರೋಲ್ ಜೀಪು. ಈ ಟ್ರಾವೆಲರ್ ಇಂಜಿನ್ ಕೈಯಲ್ಲಿ ಸುತ್ತಲು ಹೋಗಬೇಡಿ. ಇದು ಮರ್ಸಿಡಿಸ್‌ನವರ ಓಎಂ 616, 2399 ಸಿಸಿ ಡೀಸೆಲ್. 1973ರಲ್ಲಿ 240 ಡಿ ಕಾರಿಗೆ ಬಂದ ಇಂಜಿನ್ನೇ ನಮ್ಮಲ್ಲಿ ಟ್ರಾವೆಲರ್, ಟ್ರಾಕ್ಸ್ ಗಾಡಿಗಳಿಗೆ ಬಂತು. ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿ ಒತ್ತುವ ಪ್ರಮಾಣ, 21ಕ್ಕೆ 1. ಪೆಟ್ರೋಲ್ ಇಂಜಿನ್‌ಗೆ ಹೋಲಿಸಿದರೆ ಸುಮಾರು ಎರಡು ಪಟ್ಟು. ಅದಕ್ಕೇ ಇದರ ಸೆಲ್ಫ್ ಅಷ್ಟು ದೊಡ್ಡದು, ಅಷ್ಟು ಕರೆಂಟ್ ಕುಡಿಯುತ್ತದೆ.

ನಾನು ಐಟಿಐನಲ್ಲಿ ಮಕ್ಕಳಿಗೆ ಮಾಡಿಸುವ ಲೆಕ್ಕ ಇಲ್ಲಿ ಚೆನ್ನಾಗಿ ಕೂರುತ್ತದೆ. 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್‌ಗೆ ಮೀಟರ್‌ಗೆ ಸುಮಾರು 0.7 ಮಿಲಿ ಓಮ್ ರೆಸಿಸ್ಟೆನ್ಸ್. ಮಂಚದ ಕೆಳಗಿಂದ ಸೆಲ್ಫ್‌ವರೆಗೆ 5 ಮೀಟರ್ ಅಂತ ಇಟ್ಟುಕೊಳ್ಳಿ, 3.5 ಮಿಲಿ ಓಮ್ ಆಯಿತು. ಸೆಲ್ಫ್ 400 ಆಂಪಿಯರ್ ಎಳೆದರೆ 1.4 ವೋಲ್ಟ್ ಕೇಬಲ್ಲಿನಲ್ಲೇ ಖರ್ಚು. ಮನೆಗೆ ಇದು ಏನೂ ಅಲ್ಲ, 12 ವೋಲ್ಟಿನ ಗಾಡಿಗೆ ದೊಡ್ಡ ಗಂಟು. ಅದೇ ಕೇಬಲ್ 70 ಸ್ಕ್ವೇರ್ ಎಂಎಂ ಇದ್ದರೆ ಮೀಟರ್‌ಗೆ 0.25 ಮಿಲಿ ಓಮ್, ಒಟ್ಟು ಖರ್ಚು ಅರ್ಧ ವೋಲ್ಟ್. ಇನ್ನು ಬ್ಯಾಟರಿ ಮುಂದೆ ಇದ್ದು ಕೇಬಲ್ ಒಂದು ಮೀಟರ್ ಆದರೆ 25ರದ್ದೇ ಸಾಕು.

ಕೇಬಲ್ ಮೇಲೆ ಅಂಕಿ ಅಚ್ಚಾಗಿರುತ್ತದೆ, ನೋಡಿ ಹೇಳಿ. ಹೊರಗಿನ ರಬ್ಬರ್ ದಪ್ಪ ನೋಡಿ ಮೋಸ ಹೋಗಬೇಡಿ. ವೆಲ್ಡಿಂಗ್ ಕೇಬಲ್ ಅಂತ ಅಲ್ಯೂಮಿನಿಯಂ ಎಳೆ ಕೊಟ್ಟುಬಿಡುತ್ತಾರೆ. ತುದಿ ಕೆರೆದು ಬಣ್ಣ ನೋಡಿ.

ಮೂಡಿಗೆರೆ_ಮಳೆ

ತಮ್ಮನನ್ನು ಸ್ಟೀರಿಂಗ್ ಮುಂದೆ ಕೂರಿಸಿ ಅಳೆದೆ.

ಸುಮ್ಮನಿದ್ದಾಗ ಬ್ಯಾಟರಿ 12.6. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೇಲೆ 10.9. ಪ್ಲಸ್ ದಾರಿಯಲ್ಲಿ 1.5 ಕಳೆದುಹೋಗುತ್ತಿದೆ. ಅರ್ಥ್ ದಾರಿಯಲ್ಲಿ 0.7. ಸೆಲ್ಫ್ ಮೇಲೆ ನೇರವಾಗಿ ಅಳೆದರೆ 8.7.

ಕೇಬಲ್ ಮೇಲೆ 25 ಅಂತ ಇದೆ, ತಾಮ್ರವೇ. ಅರ್ಥ್ ಕೇಬಲ್ ಮಾತ್ರ ಇಂಜಿನ್‌ವರೆಗೆ ಬಂದೇ ಇಲ್ಲ. ಹಿಂದೆ ಬ್ಯಾಟರಿ ಪಕ್ಕದಲ್ಲೇ ಚಾಸಿಗೆ ಬೋಲ್ಟ್ ಹಾಕಿ ಬಿಟ್ಟಿದ್ದಾರೆ. ಬೋಲ್ಟ್ ಸುತ್ತ ಹಸಿರು ಹಸಿರು.

ಅರಸೀಕೆರೆ_ಮೇಷ್ಟ್ರು

1.5, 0.7, 8.7 ಮೂರೂ ಕೂಡಿಸಿ. 10.9 ಬಂತು. ಅಳತೆ ಅಚ್ಚುಕಟ್ಟಾಗಿದೆ ಮೇಡಂ, ನನ್ನ ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ.

ಹಾಸನ_ಎಲೆಕ್ಟ್ರಿಕಲ್

ಬ್ಯಾಟರಿ ಚೆನ್ನಾಗಿದೆ. ಸೆಲ್ಫ್ ಹೊಡೆಯುವಾಗ 9.6ರ ಮೇಲೆ ನಿಂತರೆ ಬ್ಯಾಟರಿಯನ್ನು ಬೈಯುವ ಹಾಗಿಲ್ಲ. ಆದರೆ 2.2 ವೋಲ್ಟ್ ದಾರಿಯಲ್ಲೇ ಸೋರುತ್ತಿದೆ. ಹಿಂದಿನ ಸೆಲ್ಫ್ ಯಾಕೆ ಹೋಯಿತು ಅಂತ ಕೇಳಿದ್ದಿರಿ ಅಲ್ವಾ, ಉತ್ತರ ಇದೇ ಇರಬೇಕು.

ಹೇಗೆ ಅಂದರೆ, ಸೊಲೆನಾಯ್ಡ್‌ಗೆ ಎರಡು ಕೆಲಸ. ಫೋರ್ಕ್ ಎಳೆದು ಹಲ್ಲನ್ನು ಫ್ಲೈವೀಲಿಗೆ ಕಚ್ಚಿಸುವುದು, ಆಮೇಲೆ ತಾಮ್ರದ ಬಿಲ್ಲೆಯನ್ನು ಎರಡು ದೊಡ್ಡ ಬೋಲ್ಟ್‌ಗಳಿಗೆ ಒತ್ತಿ ಮೋಟಾರ್‌ಗೆ ಕರೆಂಟ್ ಬಿಡುವುದು. ವೋಲ್ಟೇಜ್ ಗಟ್ಟಿ ಇದ್ದರೆ ಬಿಲ್ಲೆ ಬಲವಾಗಿ ಕೂರುತ್ತದೆ. ವೋಲ್ಟೇಜ್ ಕಮ್ಮಿ ಆದರೆ ಒತ್ತುವ ಬಲವೂ ಕಮ್ಮಿ. ನಾನೂರು ಆಂಪಿಯರ್ ಹರಿಯುವಾಗ ಸಡಿಲ ಕೂತರೆ ಕಿಡಿ ಹಾರಿ ಬಿಲ್ಲೆಗೆ ಗುಂಡಿ ಬೀಳುತ್ತದೆ. ಗುಂಡಿ ಬಿದ್ದ ಮೇಲೆ ಅದೇ ಒಂದೇ 'ಟಕ್'. ಮೇಲಿಂದ ಇಂಜಿನ್ ನಿಧಾನ ಸುತ್ತುತ್ತದೆ, ನೀವು ಕೀ ಹೆಚ್ಚು ಹೊತ್ತು ಹಿಡಿಯುತ್ತೀರಿ, ಒಳಗೆಲ್ಲ ಕಾಯುತ್ತದೆ. ಬ್ರಷ್ ಬೇಗ ಸವೆಯುತ್ತದೆ. ಈಗ ಹೊಸ ಸೆಲ್ಫ್ ಹಾಕಿದರೂ ಮೊದಲ ದಿನ ಜೋರಾಗಿ ಸುತ್ತುತ್ತದೆ, ಎಲ್ಲರಿಗೂ ಖುಷಿ. ಅದೂ ಅದೇ ದಾರಿ ಹಿಡಿಯುತ್ತದೆ.

ಕಾದಾಗ ಜಾಸ್ತಿ ತೊಂದರೆ ಯಾಕೆ ಅಂದರೆ ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು 0.4 ಪರ್ಸೆಂಟ್ ಏರುತ್ತದೆ. ಅರವತ್ತು ಡಿಗ್ರಿ ಏರಿದರೆ ಕಾಲು ಭಾಗದಷ್ಟು ಜಾಸ್ತಿ. ಸೈಲೆನ್ಸರ್ ಬಿಸಿಯೂ ಪಕ್ಕದಲ್ಲೇ. ಜೀಪಣ್ಣ ಹೇಳಿದ ಬುಷ್ ಕೂಡ ಸೇರಿಕೊಂಡಿರಬಹುದು. ಅವರ ಕಿವಿಯನ್ನು ನಾನು ತಳ್ಳಿಹಾಕುವುದಿಲ್ಲ.

ಆದ್ದರಿಂದ ಎರಡೂ ಕೆಲಸ ಆಗಬೇಕು. ಸೆಲ್ಫ್ ಬಿಚ್ಚಿಸಿ ರಿಪೇರಿ, ಜೊತೆಗೆ ಕೇಬಲ್. ಒಂದೇ ಮಾಡಿದರೆ ದಂಡ.

ಘಾಟಿ_ಡ್ರೈವರ್

ರಿಪೇರಿ ಆಗುವವರೆಗೆ ಗಾಡಿ ಇಳಿಜಾರಿನಲ್ಲಿ ನಿಲ್ಲಿಸಿ ಅಂತ ಎಲ್ಲರೂ ಹೇಳ್ತಾರೆ. ಸರಿಯೇ. ಇಂಜಿನ್ ಒಳಗಿನ ಹೀಟರ್ (ಗ್ಲೋ ಪ್ಲಗ್) ಕಾಯಿಸಿ, ಎರಡನೇ ಗೇರ್, ಕ್ಲಚ್ ಒತ್ತಿ, ವೇಗ ಬಂದ ಮೇಲೆ ಬಿಟ್ಟರೆ ಎತ್ತುತ್ತದೆ. ಹಳೇ ಪಂಪಿನ ಡೀಸೆಲ್ ಇಂಜಿನ್ ತಳ್ಳಿದರೆ ಬೇಡ ಅನ್ನಲ್ಲ.

ಆದರೆ ಒಂದು ಮಾತು. ಶಿರಾಡಿ, ಚಾರ್ಮಾಡಿ, ಬಿಸಿಲೆ ಇಂಥ ಕಡೆ ಇಂಜಿನ್ ಇಲ್ಲದೆ ಉರುಳಿಸಿಕೊಂಡು ಹೋಗಬೇಡಿ. ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಕೊಡುವ ಪಂಪು ಇಂಜಿನ್ ಸುತ್ತಿದರೆ ಮಾತ್ರ ಕೆಲಸ ಮಾಡೋದು. ಎರಡು ಮೂರು ಸಲ ಬ್ರೇಕ್ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತದೆ. ನೀರು ಟ್ಯಾಂಕ್ ತುಂಬಿದ, ಒಳಗೆ ಮರದ ಕಪಾಟು ಹೊತ್ತ ಗಾಡಿ ಅದು. ತಿರುವಿನಲ್ಲಿ ನಿಲ್ಲಲ್ಲ. ತಳ್ಳಿ ಸ್ಟಾರ್ಟ್ ಮಾಡೋದಾದ್ರೆ ಸಪಾಟು ರಸ್ತೆಯಲ್ಲಿ, ಹತ್ತು ಜನ ಇದ್ದಾಗ.

ಮೂಡಿಗೆರೆ_ಮಳೆ

ಸರಿ ಸರ್, ತೋಟದ ಅಂಗಳದಿಂದ ಆಚೆ ತೆಗೆಯುವುದಿಲ್ಲ. ಸೆಲ್ಫ್ ಬಿಚ್ಚುವುದು ನಾವೇ ಮಾಡಬಹುದಾ? ನಮ್ಮ ಡ್ರೈವರ್ ಮಾವ ಕೈ ಕೆಲಸ ಗೊತ್ತಿರುವವರು.

ಹಾಸನ_ಎಲೆಕ್ಟ್ರಿಕಲ್

ಮಾಡಬಹುದು. ಬೋಲ್ಟ್ ಎರಡೇ, ಆದರೆ ಮೇಲಿನದು ಕಣ್ಣಿಗೆ ಕಾಣದೆ ಕೈಗೆ ಮಾತ್ರ ಸಿಗುವ ಜಾಗ.

ಎರಡೂ ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ. ಸೋಲಾರ್ ಪ್ಯಾನೆಲ್ ಇದ್ದರೆ ಅದನ್ನೂ. ಮೋಟರ್‌ಹೋಮ್‌ಗಳಲ್ಲಿ ಜನ ಮರೆಯುವುದು ಇದನ್ನೇ. ಒಂದು ಬ್ಯಾಟರಿ ಬಿಚ್ಚಿ ಕರೆಂಟ್ ಹೋಯಿತು ಅಂದುಕೊಳ್ಳುತ್ತಾರೆ, ಎರಡನ್ನೂ ಸೇರಿಸುವ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಮೂಲಕ ಇನ್ನೊಂದರಿಂದ ಬರುತ್ತಲೇ ಇರುತ್ತದೆ. ಸೆಲ್ಫ್‌ನ ಬೋಲ್ಟ್ ಮೇಲೆ ಮೀಟರ್ ಇಟ್ಟು ಸೊನ್ನೆ ನೋಡಿದ ಮೇಲೆ ಪಾನಾ ಹಾಕಿ.

ಗಾಡಿ ಎತ್ತಿದರೆ ಬರೀ ಜಾಕಿ ನಂಬಬೇಡಿ. ಸ್ಟ್ಯಾಂಡ್ ಕೊಡಿ, ಇಲ್ಲದಿದ್ದರೆ ಗಟ್ಟಿ ಮರದ ದಿಮ್ಮಿ. ತೋಟದ ಮಣ್ಣಿನ ನೆಲದಲ್ಲಿ ಜಾಕಿ ಕೆಳಗೆ ದಪ್ಪ ಹಲಗೆ ಬೇಕೇ ಬೇಕು. ವಯರ್ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ದಪ್ಪ ಕೇಬಲ್ ಜೊತೆಗೆ ಅದೇ ಬೋಲ್ಟಿಗೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ವಯರ್ ಕೂಡ ಇರಬಹುದು.

ಮರ್ಸಿಡಿಸ್ ವಿನ್ಯಾಸದ ಈ ಇಂಜಿನ್‌ಗಳಲ್ಲಿ ಎಲೆನ್ ತಲೆಯ ಬೋಲ್ಟ್ ಇರುವುದುಂಟು. ತಲೆಯ ಗುಂಡಿಯಲ್ಲಿ ಮಣ್ಣು, ಗ್ರೀಸ್ ತುಂಬಿರುತ್ತದೆ. ಮೊಳೆಯಿಂದ ಕೆರೆದು ಪೂರ್ತಿ ತೆಗೆದು, ಕೀ ತಳದವರೆಗೆ ಕೂತ ಮೇಲೆ ಬಲ ಹಾಕಿ. ಅರ್ಧ ಕೂತಾಗ ತಿರುಗಿಸಿದರೆ ತಲೆ ದುಂಡಾಗುತ್ತದೆ, ಆಮೇಲೆ ಗೇರ್‌ಬಾಕ್ಸ್ ಇಳಿಸಿಯೇ ಮಾತು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಕೊನೆಯ ಬೋಲ್ಟ್ ಬಿಚ್ಚುವಾಗ ಒಬ್ಬರು ಕೆಳಗಿಂದ ಹಿಡಿದಿರಬೇಕು. ಹಳೇ ಸೆಲ್ಫ್ ಭಾರ ಇರುತ್ತದೆ, ಎದೆ ಮೇಲೆ ಬಿದ್ದರೆ ಪಕ್ಕೆಲುಬು ಹೋಗುತ್ತದೆ. ಮಾವನಿಗೆ ಕೈಗವಸು ಕೊಡಿ.

ತೆಗೆದ ಮೇಲೆ ಆ ತೂತಿನಲ್ಲಿ ಟಾರ್ಚ್ ಹಾಕಿ ಫ್ಲೈವೀಲ್ ರಿಂಗಿನ ಹಲ್ಲು ನೋಡಿ. ಒಂದು ಸುತ್ತು ಪೂರ್ತಿ.

ಬೇಲೂರು_ಬೈಕರ್

ಹೇಗೂ ಬಿಚ್ಚುತ್ತಾರೆ. ಗೇರ್ ಇರುವ ಹೊಸ ಜಾತಿ ಸೆಲ್ಫ್ ಹಾಕಿಬಿಡಬಹುದಲ್ವಾ? ಅದು ಹಗುರ, ಜೋರಾಗಿ ಸುತ್ತುತ್ತೆ ಅಂತಾರೆ.

ಹಾಸನ_ಎಲೆಕ್ಟ್ರಿಕಲ್

ಒಳ್ಳೆಯ ಪ್ರಶ್ನೆ. ಗೇರ್ ಸೆಲ್ಫ್‌ನಲ್ಲಿ ಸಣ್ಣ ಮೋಟಾರ್ ವೇಗವಾಗಿ ಸುತ್ತುತ್ತದೆ, ಒಳಗಿನ ಗೇರ್ ಅದನ್ನು ನಿಧಾನ ಮಾಡಿ ಬಲ ಹೆಚ್ಚಿಸುತ್ತದೆ. ಕರೆಂಟ್ ಕಮ್ಮಿ ಎಳೆಯುತ್ತದೆ. ಸರಿಯಾದದ್ದು ಸಿಕ್ಕರೆ ಹಾಕಿ, ನನಗೇನೂ ವಿರೋಧ ಇಲ್ಲ.

ಸರಿಯಾದದ್ದು ಅಂದರೆ, ಹಳೆಯದನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಬೇಕು. ಮುಂದಿನ ಹಲ್ಲುಗಳ ಸಂಖ್ಯೆ, ಹಲ್ಲಿನ ದಪ್ಪ, ಸುತ್ತುವ ದಿಕ್ಕು, ಬೋಲ್ಟ್ ತೂತುಗಳ ನಡುವಿನ ದೂರ, ಮೂಗು ಎಷ್ಟು ಮುಂದೆ ಬರುತ್ತದೆ, 12 ವೋಲ್ಟಾ 24ಆ, ಎಷ್ಟು ಕಿಲೋವ್ಯಾಟ್. 'ಟ್ರಾಕ್ಸ್‌ದು ಕೂರುತ್ತೆ ಬಿಡಿ' ಅಂತ ಬಾಯಲ್ಲಿ ಹೇಳಿದ್ದನ್ನು ನಂಬಿ ತಂದು, ಮೂಗು ಸ್ವಲ್ಪ ಉದ್ದ ಇದ್ದು, ರಿಂಗನ್ನು ಸದಾ ಉಜ್ಜುತ್ತಿದ್ದ ಗಾಡಿ ನೋಡಿದ್ದೇನೆ.

ನನ್ನ ಅಭಿಪ್ರಾಯ ಕೇಳಿದರೆ, ಫೀಲ್ಡ್ ಕಾಯಿಲ್ ಸುಟ್ಟಿಲ್ಲ, ಆರ್ಮೇಚರ್ ಶಾರ್ಟ್ ಇಲ್ಲ ಅಂತಾದರೆ ಹಳೆಯದನ್ನೇ ಉಳಿಸಿ. ಹಾಸನದಲ್ಲಾಗಲಿ ಚಿಕ್ಕಮಗಳೂರಲ್ಲಾಗಲಿ ಇದನ್ನು ಚೆನ್ನಾಗಿ ಮಾಡುವ ಕೈಗಳು ಇವೆ. ಬ್ರಷ್, ಬುಷ್, ಬಿಲ್ಲೆ ಎಲ್ಲ ಸಿಗುವ ವಸ್ತುಗಳು. ಪೆಟ್ಟಿಗೆಯಲ್ಲಿ ಹೊಳೆಯುತ್ತಾ ಬರುವ ಹೆಸರಿಲ್ಲದ ಅಗ್ಗದ ಸೆಲ್ಫ್‌ಗಿಂತ ಒಳ್ಳೆಯ ಹಳೇ ಕಬ್ಬಿಣ ವಾಸಿ.

ಜೀಪಣ್ಣ

ಇದನ್ನೇ ನಾನು ಮೊದಲು ಹೇಳಿದ್ದು. ಮೀಟರ್ ಇಲ್ಲದೆ.

ಮೂಡಿಗೆರೆ_ಮಳೆ

ಬಿಚ್ಚಿದೆವು. ಚಿಕ್ಕಮಗಳೂರಿನ ವೈಂಡಿಂಗ್ ಅಂಗಡಿಯಲ್ಲಿ ನನ್ನ ಮುಂದೆಯೇ ತೆರೆದರು. ಬಿಲ್ಲೆ ಒಂದು ಕಡೆ ಕಪ್ಪಾಗಿ ಗುಂಡಿ ಬಿದ್ದಿತ್ತು. ಬ್ರಷ್ ನಾಲ್ಕರಲ್ಲಿ ಎರಡು ತಂತಿ ತಾಗುವಷ್ಟು ಸವೆದಿದ್ದವು. ಹಿಂದಿನ ಬುಷ್ ಮೊಟ್ಟೆಯಾಕಾರ ಆಗಿತ್ತು. ಆರ್ಮೇಚರ್ ಮೇಲೆ ಒಂದು ಕಡೆ ಉಜ್ಜಿದ ಹೊಳಪು (ಜೀಪಣ್ಣನಿಗೆ ಒಂದು ಕಾಫಿ ಬಾಕಿ). ಒಳಗೆ ಎಣ್ಣೆ ಮತ್ತು ಕಾರ್ಬನ್ ಸೇರಿ ಕಪ್ಪು ಕೆಸರು.

ಫೀಲ್ಡ್ ಕಾಯಿಲ್ ಸರಿ ಇದೆ ಅಂದರು. ಆರ್ಮೇಚರ್‌ನ್ನು ಒಂದು ಯಂತ್ರದ ಮೇಲಿಟ್ಟು ಗರಗಸದ ಬ್ಲೇಡ್ ಹಿಡಿದು ನೋಡಿದರು, ಬ್ಲೇಡ್ ನಡುಗಲಿಲ್ಲ, ಶಾರ್ಟ್ ಇಲ್ಲ ಅಂದರು. ಎಣ್ಣೆ ಎಲ್ಲಿಂದ ಬಂತು ಅಂತ ಮಾತ್ರ ಅವರಿಗೂ ಅನುಮಾನ.

ಹಾಸನ_ಎಲೆಕ್ಟ್ರಿಕಲ್

ಸರಿಯಾದ ಕೈಗೇ ಸಿಕ್ಕಿದೆ. ಬ್ಲೇಡ್ ಹಿಡಿದು ನೋಡುವವರು ಈಗ ಕಮ್ಮಿ. ಅವರಿಗೆ ನಾನು ಹೇಳಬೇಕಾದ್ದಿಲ್ಲ, ನಿಮಗೆ ಗೊತ್ತಿರಲಿ ಅಂತ ಬರೆಯುತ್ತೇನೆ. ಬ್ರಷ್ ಉಜ್ಜುವ ತಾಮ್ರದ ಭಾಗವನ್ನು ಲೇತ್‌ನಲ್ಲಿ ತೆಳ್ಳಗೆ ಒರೆಸಬೇಕು. ಆಮೇಲೆ ತಾಮ್ರದ ಪಟ್ಟಿಗಳ ನಡುವಿನ ಮೈಕಾವನ್ನು ಸ್ವಲ್ಪ ಕೆಳಗೆ ಕೆರೆಯಬೇಕು, ಇಲ್ಲದಿದ್ದರೆ ಬ್ರಷ್ ಅದರ ಮೇಲೆ ಕುಣಿಯುತ್ತದೆ. ಹೊಸ ಬುಷ್ ಹಾಕುವ ಮೊದಲು ಇಂಜಿನ್ ಆಯಿಲ್‌ನಲ್ಲಿ ರಾತ್ರಿಯಿಡೀ ನೆನೆಸಿಡಬೇಕು. ಆ ಲೋಹದಲ್ಲಿ ಸಣ್ಣ ಸಣ್ಣ ರಂಧ್ರ ಇರುತ್ತವೆ, ಎಣ್ಣೆ ಕುಡಿದು ಇಟ್ಟುಕೊಳ್ಳುತ್ತದೆ. ಬೆಂಡಿಕ್ಸನ್ನು ಪೆಟ್ರೋಲಿನಲ್ಲಿ ಮುಳುಗಿಸಿ ತೊಳೆಯಲು ಬಿಡಬೇಡಿ, ಒಳಗಿನ ಗ್ರೀಸ್ ತೊಳೆದುಹೋಗಿ ಆಮೇಲೆ ಜಾರುತ್ತದೆ.

ಎಣ್ಣೆ ಹೆಚ್ಚಾಗಿ ಇಂಜಿನ್ ಹಿಂದಿನ ಸೀಲ್‌ನಿಂದ. ಬೆಲ್ ಹೌಸಿಂಗ್ (ಕ್ಲಚ್ ಮುಚ್ಚುವ ಕವಚ) ಕೆಳಗೆ ತೊಟ್ಟಿಕ್ಕುತ್ತಿದೆಯಾ ನೋಡಿ. ಬರೀ ತೇವ ಇದ್ದರೆ ಮುಂದಿನ ಕ್ಲಚ್ ಕೆಲಸದವರೆಗೆ ಕಾಯಬಹುದು.

ಅರಸೀಕೆರೆ_ಮೇಷ್ಟ್ರು

ಈಗ ಕೇಬಲ್. ನನ್ನ ಸಲಹೆ: 70ರ ಕೇಬಲ್ ಎಳೆಯುವ ಖರ್ಚು ಬೇಡ. ಇಂಜಿನ್ ಬ್ಯಾಟರಿಯನ್ನು ಮೊದಲಿದ್ದ ಜಾಗಕ್ಕೇ ತನ್ನಿ. ಏರ್ ಹಾರ್ನ್ ಟ್ಯಾಂಕ್ ಬೇರೆ ಕಡೆ ಹೋಗಲಿ. ಫ್ರಿಜ್‌ನ ಬ್ಯಾಟರಿ ಮಂಚದ ಕೆಳಗೇ ಇರಲಿ. ಎರಡರ ನಡುವೆ ಹಳೇ 25ರ ಕೇಬಲ್ಲನ್ನೇ ಚಾರ್ಜಿಂಗ್‌ಗೆ ಬಳಸಿ, ಅದಕ್ಕೆ ಸೆಲ್ಫ್‌ನ ಹೊರೆ ಇರುವುದಿಲ್ಲ. ವೋಲ್ಟೇಜ್ ನೋಡಿ ತಾನೇ ಸೇರಿಸಿ ಬಿಡಿಸುವ ರಿಲೇ ಸಿಗುತ್ತದೆ. ಆಲ್ಟರ್ನೇಟರ್ ಚಾರ್ಜ್ ಮಾಡುವಾಗ ಸೇರಿಸುತ್ತದೆ, ಇಂಜಿನ್ ನಿಂತ ಮೇಲೆ ಬಿಡಿಸುತ್ತದೆ. ರಾತ್ರಿ ಫ್ರಿಜ್ ಎಷ್ಟು ಕುಡಿದರೂ ಬೆಳಿಗ್ಗೆ ಇಂಜಿನ್ ಬ್ಯಾಟರಿ ಹಾಗೇ ಇರುತ್ತದೆ.

ಆ ಕೇಬಲ್‌ನ ಎರಡೂ ತುದಿಗೆ, ಬ್ಯಾಟರಿಗೆ ಹತ್ತಿರದಲ್ಲೇ, ಫ್ಯೂಸ್ ಬೇಕು. ಎರಡೂ ಕಡೆ ಕರೆಂಟಿನ ಮೂಲ ಇದೆ. ಒಂದು ಕಡೆ ಮಾತ್ರ ಹಾಕಿದರೆ, ನಡುವೆ ಎಲ್ಲೋ ಇಲಿ ಕಡಿದಾಗ ಇನ್ನೊಂದು ಬ್ಯಾಟರಿ ಬೆಂಕಿ ಹಚ್ಚುತ್ತದೆ. ಮಲೆನಾಡಿನಲ್ಲಿ ನಿಂತ ಗಾಡಿಗೆ ಇಲಿ ಬರುವುದಿಲ್ಲ ಅಂತ ಯಾರೂ ಹೇಳಬೇಡಿ.

ಹಾಸನ_ಎಲೆಕ್ಟ್ರಿಕಲ್

ಮೇಷ್ಟ್ರ ಮಾತಿಗೆ ನನ್ನ ಸಹಿ. ಜೊತೆಗೆ ಅರ್ಥ್. ಬ್ಯಾಟರಿ ಮೈನಸ್‌ನಿಂದ ಚಾಸಿಗೆ ಒಂದು, ಚಾಸಿಯಿಂದ ಗೇರ್‌ಬಾಕ್ಸ್ ಅಥವಾ ಇಂಜಿನ್ ಬ್ಲಾಕಿಗೆ ಇನ್ನೊಂದು ದಪ್ಪ ಪಟ್ಟಿ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿದೆ, ತಾನಾಗೇ ಅರ್ಥ್ ಸಿಗಲ್ಲ. ಪಟ್ಟಿ ಕಿತ್ತರೆ ಕರೆಂಟ್ ಆಕ್ಸಿಲರೇಟರ್ ಕೇಬಲ್ ಮೂಲಕ ದಾರಿ ಹುಡುಕಿಕೊಂಡು ಅದನ್ನು ಸುಡುತ್ತದೆ. ಬೋಲ್ಟ್ ಕೂರುವ ಜಾಗದಲ್ಲಿ ಪೇಂಟ್ ಕೆರೆದು ಬಿಳಿ ಕಬ್ಬಿಣ ಕಾಣಿಸಿ, ಬಿಗಿದ ಮೇಲೆ ಹೊರಗಿನಿಂದ ಗ್ರೀಸ್ ಅಥವಾ ವ್ಯಾಸಲೀನ್ ಸವರಿ.

ಇನ್ನೊಂದು. ಕೀಯಿಂದ ಸೊಲೆನಾಯ್ಡ್‌ನ ಸಣ್ಣ ಟರ್ಮಿನಲ್‌ಗೆ, 50 ಅಂತ ಗುರುತಿರುತ್ತದೆ, ಹೋಗುವ ವಯರಿಗೆ ಒಂದು ರಿಲೇ ಹಾಕಿಸಿ. ಕೀ ಸ್ವಿಚ್‌ನ ವಯಸ್ಸಾದ ಕಾಂಟ್ಯಾಕ್ಟ್ ಮೇಲೆ ಭಾರ ತಪ್ಪುತ್ತದೆ. ಸಣ್ಣ ಖರ್ಚು, ದೊಡ್ಡ ನೆಮ್ಮದಿ.

ಬೇಲೂರು_ಬೈಕರ್

ಒಂದು ಡೌಟು, ವಿಷಯ ಬೇರೆ. ಈ ಗಾಡಿನ ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಬಹುದಾ? ಹೊಸ ನಂಬರ್ ಕೊಡ್ತಾರಂತೆ.

ಅರಸೀಕೆರೆ_ಮೇಷ್ಟ್ರು

ಇಲ್ಲ. 2021ರ ನಿಯಮದ ಪ್ರಕಾರ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಅಂಥ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗೂ ಇಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಡೀಸೆಲ್‌ಗೆ ಮಾತ್ರ. ಇದಕ್ಕೆ ಅದೆಲ್ಲ ಬೇಡ. ಒಳಗೆ ಬದಲಾಯಿಸಿದ್ದು ಆರ್‌ಸಿಯಲ್ಲಿ ದಾಖಲಾಗಿದೆಯಾ ಅಂತ ನೋಡಿಕೊಂಡರೆ ಸಾಕು.

ಮೂಡಿಗೆರೆ_ಮಳೆ

ಆರ್‌ಸಿಯಲ್ಲಿ ಅಪ್ಪ ಆಗಲೇ ಮಾಡಿಸಿದ್ದಾರೆ ಸರ್.

ಎಲ್ಲ ಜೋಡಿಸಿ ಆಯಿತು. ಬ್ಯಾಟರಿ ಮುಂದೆ ಬಂತು. ಹಾರ್ನ್ ಟ್ಯಾಂಕ್ ಎತ್ತಿಸಲು ಅಪ್ಪನನ್ನು ಒಪ್ಪಿಸಿದ್ದೇ ಇಡೀ ಕೆಲಸದಲ್ಲಿ ಕಷ್ಟದ ಭಾಗ. ಈಗ ಸೆಲ್ಫ್ ಹೊಡೆಯುವಾಗ ಪ್ಲಸ್ ಕಡೆ 0.3, ಅರ್ಥ್ ಕಡೆ 0.1. ಸೆಲ್ಫ್ ಮೇಲೆ 10.4 ಸಿಗುತ್ತಿದೆ. ಹೀಟರ್ ಲೈಟ್ ಆರಿದ ಕೂಡಲೇ ಕೀ ತಿರುಗಿಸಿದರೆ ಎತ್ತುತ್ತದೆ. ಬಿಸಿ ಇದ್ದಾಗ ನೋಡಲು ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಸ್ವಲ್ಪ ದೂರ ಹತ್ತಿಸಿ, ನಿಲ್ಲಿಸಿ, ಟೀ ಕುಡಿದು ಮತ್ತೆ ಹೊಡೆದೆವು. ಹಿಡಿಯಿತು. ರಿಂಗಿನ ಹಲ್ಲು ಎರಡು ಕಡೆ ಸ್ವಲ್ಪ ಸವೆದಿದೆ, ಉಳಿದದ್ದು ಚೆನ್ನಾಗಿದೆ.

ಕಡೂರು_ಟ್ರಾಕ್ಸ್

ನಡುವೆ ಬಂದೆ, ಕ್ಷಮಿಸಿ. ಮೇಡಂ ಎರಡು ಕಡೆ ಸವೆದಿದೆ ಅಂದದ್ದು ಓದಿ ಕೇಳುತ್ತಿದ್ದೇನೆ. ನಮ್ಮ ಟ್ರಾಕ್ಸ್‌ಗೆ ಹೊಸ ಸೆಲ್ಫ್ ಹಾಕಿಸಿದ್ದೇವೆ, ಕೇಬಲ್ ಸರಿ ಇದೆ. ಆದರೂ ಕೆಲವು ಸಲ 'ಕರ್‌ರ್' ಅಂತ ಉಜ್ಜಿ ಬಿಟ್ಟುಬಿಡುತ್ತದೆ. ಇನ್ನು ಕೆಲವು ಸಲ ಏನೂ ಆಗಿಲ್ಲ ಅನ್ನುವಂತೆ ಎತ್ತುತ್ತದೆ. ಯಾಕೆ?

ಹಾಸನ_ಎಲೆಕ್ಟ್ರಿಕಲ್

ನಿಮ್ಮದು ರಿಂಗ್ ಇರಬೇಕು ಅಣ್ಣ. ನಾಲ್ಕು ಸಿಲಿಂಡರ್ ಇಂಜಿನ್ ಆಫ್ ಮಾಡಿದಾಗ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಯಾವುದಾದರೂ ಒಂದು ಪಿಸ್ಟನ್ ಕಂಪ್ರೆಷನ್‌ಗೆ ಏರುವಾಗ ಅದರ ಒತ್ತಡಕ್ಕೆ ತಡೆದು ನಿಲ್ಲುತ್ತದೆ. ಹಾಗಾಗಿ ಹೆಚ್ಚು ಕಮ್ಮಿ ಎರಡೇ ಜಾಗ, ಒಂದಕ್ಕೊಂದು ಎದುರು. ಸೆಲ್ಫ್ ಪ್ರತಿ ಸಲ ಅಲ್ಲಿಯೇ ಕಚ್ಚುತ್ತದೆ, ಅಲ್ಲಿನ ಹಲ್ಲೇ ಸವೆಯುತ್ತದೆ. ಮೇಡಂ ಗಾಡಿಯಲ್ಲಿ ಅದು ಇನ್ನೂ ಶುರು, ನಿಮ್ಮದರಲ್ಲಿ ಮುಂದೆ ಹೋಗಿರಬಹುದು.

ಮುಂದಿನ ಸಲ ಹಾಗೆ ಉಜ್ಜಿದಾಗ ಕೀ ಪೂರ್ತಿ ಆಫ್ ಮಾಡಿ. ಟಾಪ್ ಗೇರ್ ಹಾಕಿ ಗಾಡಿಯನ್ನು ಒಂದೆರಡು ಗೇಣು ಮುಂದಕ್ಕೆ ತಳ್ಳಿಸಿ, ಇಂಜಿನ್ ಸ್ವಲ್ಪ ತಿರುಗುತ್ತದೆ. ಆಮೇಲೆ ನ್ಯೂಟ್ರಲ್ ಮಾಡಿ ಸೆಲ್ಫ್ ಹೊಡೆಯಿರಿ. ಚೆನ್ನಾಗಿ ಹಿಡಿದರೆ ರಿಂಗೇ ಅಂತ ಖಾತ್ರಿ.

ಕಡೂರು_ಟ್ರಾಕ್ಸ್

ಇವತ್ತು ಸಂತೆಯಲ್ಲಿ ಉಜ್ಜಿತು. ತಳ್ಳಿಸಿ ನೋಡಿದೆ, ಒಂದೇ ಏಟಿಗೆ ಎತ್ತಿತು. ಹಾಗಾದರೆ ಫ್ಲೈವೀಲ್ ಹೊಸದೇ ಬೇಕಾ?

ಹಾಸನ_ಎಲೆಕ್ಟ್ರಿಕಲ್

ಬೇಡ. ರಿಂಗ್ ಬೇರೆ ತುಂಡು, ಫ್ಲೈವೀಲ್ ಮೇಲೆ ಬಿಸಿ ಮಾಡಿ ಕೂರಿಸಿರುತ್ತಾರೆ. ಗೇರ್‌ಬಾಕ್ಸ್ ಇಳಿಸಿ ಫ್ಲೈವೀಲ್ ತೆಗೆದರೆ ಲೇತ್ ಅಂಗಡಿಯಲ್ಲಿ ಹೊಸ ರಿಂಗ್ ಹಾಕಿಕೊಡುತ್ತಾರೆ. ಹೊಸದು ಸಿಗದಿದ್ದರೆ ಅದನ್ನೇ ಕಾಯಿಸಿ ತೆಗೆದು ಕಾಲು ಸುತ್ತು ತಿರುಗಿಸಿ ಕೂರಿಸಬಹುದು, ಸವೆಯದ ಹಲ್ಲು ಸೆಲ್ಫ್ ಎದುರಿಗೆ ಬರುತ್ತದೆ. ಕೆಂಪಗೆ ಕಾಯಿಸಲು ಬಿಡಬೇಡಿ, ಹಲ್ಲಿನ ಗಡಸುತನ ಹೋಗುತ್ತದೆ. ಗೇರ್‌ಬಾಕ್ಸ್ ಇಳಿದಾಗಲೇ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಹಿಂದಿನ ಆಯಿಲ್ ಸೀಲ್ ಮೂರೂ ನೋಡಿಸಿ. ಇಳಿಸುವ ಕೂಲಿ ಎರಡು ಸಲ ಕೊಡುವುದು ತಪ್ಪುತ್ತದೆ.

ಕಡೂರು_ಟ್ರಾಕ್ಸ್

ಸರಿ ಸರ್. ಅಡಿಕೆ ಸಾಗಿಸುವುದು ಮುಗಿದ ಕೂಡಲೇ ಗಾಡಿ ಬಿಡುತ್ತೇನೆ. ರಿಂಗ್ ಸಿಕ್ಕಿತಾ ಇಲ್ಲವಾ ಅಂತ ಇಲ್ಲೇ ಬರೆಯುತ್ತೇನೆ.